ಪಂಕ್ತಿ ಕುಳಿತಿರುವಾಗ ಒಲೆ ಬದಲಿಸುವುದು

ದಾಸೋಹದ ಮನೆಯಲ್ಲಿ ನಾಲ್ಕು ದಿನ ಸೇವೆ ಸಲ್ಲಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಪ್ರಸಾದಕ್ಕೆ ಕುಳಿತ ಭಕ್ತರಿಗೆ ಒಲೆಯ ಚಿಂತೆ ಇರುವುದಿಲ್ಲ, ಇರಲೂ ಕೂಡದು. ಕಟ್ಟಿಗೆಯ ಒಲೆಯೋ, ಗ್ಯಾಸಿನ ಒಲೆಯೋ, ಹಬೆಯ ಹಂಡೆಯೋ, ಅದು ಅಡುಗೆಮನೆಯವರ ಹೊಣೆ. ಎಲೆಯ ಮೇಲೆ ಅನ್ನ ಬಿಸಿಯಾಗಿ ಬೀಳಬೇಕು, ಬಡಿಸುವವರ ಮುಖ ಪ್ರಸನ್ನವಾಗಿರಬೇಕು, ಅಷ್ಟೆ. ಹೊಗೆಯಿಂದ ಕಣ್ಣು ಕೆಡಿಸಿಕೊಳ್ಳುತ್ತಿದ್ದ ಅಡುಗೆಯವರ ಕಷ್ಟವನ್ನೂ ಹೆಚ್ಚುತ್ತಿರುವ ಭಕ್ತರ ಸಂಖ್ಯೆಯನ್ನೂ ಮನಗಂಡು ನಮ್ಮ ಅನೇಕ ಮಠಗಳು ಕಟ್ಟಿಗೆಯ ಒಲೆಯನ್ನು ಬಿಟ್ಟು ಹಬೆಯ ಅಡುಗೆಗೆ ಬಂದಿವೆ. ಹಾಗೆ ಬರುವಾಗ ಒಂದು ಹೊತ್ತಿನ ಪಂಕ್ತಿಯೂ ತಪ್ಪದಂತೆ ನೋಡಿಕೊಳ್ಳುವುದೇ ನಿಜವಾದ ಪರೀಕ್ಷೆ. ಒಲೆಯನ್ನು ಬದಲಿಸದೆ ಇದ್ದರೆ ಒಂದು ದಿನ ಅಡುಗೆ ಸಾಲದೆ ಹೋಗುತ್ತದೆ. ಪಂಕ್ತಿ ಕುಳಿತಿರುವಾಗಲೇ ಬದಲಿಸಹೊರಟರೆ ಅಂದಿನ ಜನ ಉಪವಾಸ ಏಳಬೇಕಾಗುತ್ತದೆ.

ನಮಗೆ ಈ ಹೋಲಿಕೆ ತೋಚಿದ್ದು ಅಡುಗೆಮನೆಯಲ್ಲಲ್ಲ, ಗಣಕಯಂತ್ರದ ಮುಂದೆ. ನಮ್ಮ ಊರಿನ ಸಮಾಜದ ಜಾಲತಾಣವನ್ನು ನೋಡಿಕೊಳ್ಳುವ ಹೊಣೆ 2011ರಿಂದ ನಮ್ಮ ಪಾಲಿಗೆ ಬಂದಿದೆ. ಆ ಹೊಣೆಯಿಂದಾಗಿ ಹೋಸ್ಟಿಂಗ್ ಕಂಪೆನಿಗಳೆಂಬ ಹೊಸ ಬಗೆಯ ವ್ಯಾಪಾರಸ್ಥರೊಡನೆ ಹತ್ತು ಹನ್ನೆರಡು ವರ್ಷ ವ್ಯವಹರಿಸುವ ಪ್ರಸಂಗ ಒದಗಿತು. ಓದುಗ ಬಂಧುಗಳಲ್ಲಿ ಅನೇಕರಿಗೆ ಈ ವ್ಯಾಪಾರದ ಪರಿಚಯ ಇರಲಾರದು. ಆದರೆ ಅದರ ಫಲವನ್ನು ಉಣ್ಣದ ಮನೆ ಈಗ ಇಲ್ಲ. ವಧೂವರರ ಮಾಹಿತಿಯೋ, ಮಗನ ಕಾಲೇಜಿನ ಫಲಿತಾಂಶವೋ, ಮಠದ ಜಾತ್ರೆಯ ಕರಪತ್ರವೋ, ಯಾವುದನ್ನು ಅಂತರ್ಜಾಲದಲ್ಲಿ ನೋಡಿದರೂ ಅದು ಎಲ್ಲೋ ಒಂದು ಕೋಣೆಯಲ್ಲಿ ಹಗಲಿರುಳು ಓಡುತ್ತಿರುವ ಸರ್ವರ್ ಎಂಬ ಯಂತ್ರದಲ್ಲಿ ಇರುತ್ತದೆ. ಆ ಯಂತ್ರದಲ್ಲಿ ಜಾಗವನ್ನು ಬಾಡಿಗೆಗೆ ಕೊಡುವವರೇ ಹೋಸ್ಟಿಂಗ್ ಕಂಪೆನಿಯವರು.

ಹಳೆಯ ಕಾಲದ ವಠಾರವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಒಂದೇ ಬಾವಿ, ಒಂದೇ ಹೆಬ್ಬಾಗಿಲು, ಒಳಗೆ ಇಪ್ಪತ್ತು ಮನೆ. ಕಡಿಮೆ ಬಾಡಿಗೆಯ ಹೋಸ್ಟಿಂಗ್ ಇಂತಹ ವಠಾರವೇ. ಒಂದು ಯಂತ್ರದಲ್ಲಿ ನೂರಾರು ಜಾಲತಾಣಗಳು ಒಟ್ಟಿಗೆ ವಾಸಿಸುತ್ತವೆ. ಹೆಚ್ಚು ಹಣ ಕೊಡಬಲ್ಲವರು ಪ್ರತ್ಯೇಕ ಮನೆ ಮಾಡಬಹುದು. ನಮ್ಮ ಸಮಾಜದಂತಹ ಬಡ ಸಂಸ್ಥೆಗಳಿಗೆ ವಠಾರವೇ ಗತಿ. ವಠಾರದ ಕಷ್ಟವೆಂದರೆ, ಯಜಮಾನನು ಹಳೆಯ ವಿದ್ಯುತ್ ತಂತಿಯನ್ನು ಕಿತ್ತು ಹೊಸದನ್ನು ಎಳೆಯಬೇಕೆಂದರೆ ಇಪ್ಪತ್ತು ಮನೆಯವರೂ ಒಪ್ಪಬೇಕು. ಒಬ್ಬರ ಮನೆಯಲ್ಲಿ ಬಾಣಂತಿ, ಇನ್ನೊಬ್ಬರ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗ. ಈ ತಿಂಗಳು ಬೇಡ, ಬರುವ ತಿಂಗಳು ನೋಡೋಣ ಎನ್ನುತ್ತ ವರ್ಷಗಳು ಉರುಳುತ್ತವೆ. ತಂತಿ ಮಾತ್ರ ಯಾರಿಗಾಗಿಯೂ ಕಾಯದೆ ಹಳತಾಗುತ್ತಲೇ ಇರುತ್ತದೆ.

ನಾವು ಮೊದಲು ಸೇರಿದ ವಠಾರದ ಯಜಮಾನರು ಬೆಂಗಳೂರಿನಲ್ಲಿ ಮೂರು ಜನ ಸೇರಿ ನಡೆಸುತ್ತಿದ್ದ ಒಂದು ಚಿಕ್ಕ ಕಂಪೆನಿಯವರು. ಫೋನು ಮಾಡಿದರೆ ಕನ್ನಡದಲ್ಲಿ ಮಾತನಾಡುತ್ತಿದ್ದರು. ಬಸವ ಜಯಂತಿಯ ದಿನ ನಮ್ಮ ಜಾಲತಾಣಕ್ಕೆ ಜನ ಮುಗಿಬೀಳುತ್ತಾರೆಂಬುದು ಅವರಿಗೆ ನೆನಪಿರುತ್ತಿತ್ತು. ಹಿಂದಿನ ರಾತ್ರಿಯೇ ಯಂತ್ರವನ್ನು ಒಮ್ಮೆ ನೋಡಿಕೊಂಡು, "ಸಾರ್, ನಾಳೆ ಯೋಚನೆ ಮಾಡ್ಬೇಡಿ" ಎಂದು ಸಂದೇಶ ಕಳುಹಿಸುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ವರ್ಷಕ್ಕೊಮ್ಮೆ ಜಯಂತಿಯ ವೇಳೆಗೆ ನಮ್ಮ ಜಾಲತಾಣದ ಸಮಸ್ತವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಅಂಚೆಯಲ್ಲಿ ಕಳುಹಿಸುವ ಒಪ್ಪಂದವನ್ನು ಅವರು ತಾವಾಗಿಯೇ ಮಾಡಿಕೊಂಡಿದ್ದರು. ಅದು ಸಮಾಜದ ಕಪಾಟಿನಲ್ಲಿ ದಾನಿಗಳ ಪಟ್ಟಿಯ ಪಕ್ಕದಲ್ಲಿ ಇರುತ್ತಿತ್ತು. ಇಂತಹ ಸೇವೆಗೆ ಬೆಲೆ ಕಟ್ಟುವುದು ಹೇಗೆ?

ಆ ಜಾಲತಾಣದಲ್ಲಿ ಇದ್ದುದೇನೆಂದು ಹೇಳದಿದ್ದರೆ ಮುಂದಿನ ಮಾತು ತಿಳಿಯದು. ನಮ್ಮ ಊರಿನ ನಿವೃತ್ತ ಶಿಕ್ಷಕರೊಬ್ಬರು 2012ರಿಂದ ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ವಚನಕ್ಕೆ ತಮ್ಮದೇ ಆದ ತಾತ್ಪರ್ಯವನ್ನು ಬರೆದು ಜಾಲತಾಣಕ್ಕೆ ಸೇರಿಸುತ್ತಿದ್ದರು. ದಿನವೂ ಎಂದರೂ ಆಯಾಸ, ಕಾಯಿಲೆ, ನೆಂಟರು ಇವೆಲ್ಲ ಇದ್ದದ್ದೇ. ಒಟ್ಟು ಆರು ನೂರಕ್ಕೂ ಹೆಚ್ಚು ವಚನಗಳಾದವು. ಪಂಡಿತರ ವ್ಯಾಖ್ಯಾನ ಅದಲ್ಲ. ನೂಲುವವರ, ಒಕ್ಕುವವರ, ಎಣ್ಣೆ ತೆಗೆಯುವವರ ಮಾತನ್ನು ತಾವು ಬಾಲ್ಯದಲ್ಲಿ ಕಂಡ ಊರಿನ ಕೆಲಸಗಳೊಡನೆ ಹೊಂದಿಸಿ ಹೇಳುವ ಅವರ ಕ್ರಮ ಬೇರೆಲ್ಲಿಯೂ ನಮಗೆ ಕಂಡಿಲ್ಲ. 2020ರ ನವೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಇತ್ತ ಯಂತ್ರಲೋಕದಲ್ಲಿ ತಂತಿ ಹಳತಾಗುತ್ತಿತ್ತು. ನಮ್ಮಂತಹ ಲಕ್ಷಾಂತರ ಜಾಲತಾಣಗಳು ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ಬರೆದವು. ಅದರ ಏಳನೆಯ ಆವೃತ್ತಿ 2015ರ ಡಿಸೆಂಬರಿನಲ್ಲಿ ಬಂದಿತು. ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ವೇಗ. ಹಳೆಯದಾದ 5.6ನೆಯ ಆವೃತ್ತಿಗೆ 2018ರ ಡಿಸೆಂಬರ್ 31ರ ನಂತರ ಅದನ್ನು ರಚಿಸಿದವರು ರಕ್ಷಣೆಯ ತೇಪೆಗಳನ್ನು ಕೊಡುವುದನ್ನು ನಿಲ್ಲಿಸಿದರು. ಆದರೆ ಹೊಸ ಆವೃತ್ತಿಯಲ್ಲಿ ಹಳೆಯ ಕೆಲವು ಆಜ್ಞೆಗಳನ್ನೇ ತೆಗೆದುಹಾಕಿದ್ದರು. ದತ್ತಾಂಶದ ಉಗ್ರಾಣದೊಡನೆ ಮಾತನಾಡುವ ಆಜ್ಞೆಗಳೇ ಅವುಗಳಲ್ಲಿ ಸೇರಿದ್ದುದರಿಂದ, ಏನೂ ಸಿದ್ಧತೆಯಿಲ್ಲದೆ ಹೊಸದಕ್ಕೆ ದಾಟಿಸಿದ ಹಳೆಯ ಜಾಲತಾಣ ಬಿಳಿಯ ಹಾಳೆಯಂತೆ ಖಾಲಿಯಾಗಿ ನಿಲ್ಲುತ್ತಿತ್ತು. ಆಗ ನಮ್ಮ ಬೆಂಗಳೂರಿನ ಮಿತ್ರರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಎಲ್ಲಾ ಗ್ರಾಹಕರೂ ಒಂದೇ ಮಾತು ಹೇಳ್ತಾರೆ ಸಾರ್, ನಮ್ಮ ಸೈಟ್ ಮುಟ್ಟಬೇಡಿ ಅಂತ. ಮುಟ್ಟದೆ ಇದ್ರೆ ಒಂದಿನ ಕಳ್ಳ ನುಗ್ತಾನೆ, ಆಗಲೂ ನಮ್ಮನ್ನೇ ಬೈತಾರೆ." ಅವರು ಒಬ್ಬೊಬ್ಬ ಗ್ರಾಹಕನಿಗೂ ಫೋನು ಮಾಡಿ, ಒಂದೊಂದೇ ತಾಣವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ದಾಟಿಸಿದರು. ನಮ್ಮ ಸರದಿ 2019ರ ಮೇ ತಿಂಗಳಲ್ಲಿ, ಜಯಂತಿಯ ಗದ್ದಲ ಮುಗಿದ ಮೇಲೆ ಬಂದಿತು. ಅಂದಿನಿಂದ ಶಿಕ್ಷಕರ ಹೊಸ ಬರಹಗಳೆಲ್ಲ ಯೂನಿಕೋಡಿನ ಸರಿಯಾದ ಪದ್ಧತಿಯಲ್ಲಿ, ಹೊಸ ಕೋಷ್ಟಕವೊಂದರಲ್ಲಿ ಕೂಡತೊಡಗಿದವು. ಹಳೆಯವು ಹಳೆಯ ಕೋಷ್ಟಕದಲ್ಲಿಯೇ, ಹಳೆಯ ಲ್ಯಾಟಿನ್ ಪದ್ಧತಿಯಲ್ಲಿಯೇ ಉಳಿದವು. ಓದುವವರಿಗೆ ಭೇದವೇನೂ ಕಾಣುತ್ತಿರಲಿಲ್ಲ.

ಅದೇ ವರ್ಷ ಇನ್ನೊಂದು ಪೆಟ್ಟು ಬಿದ್ದಿತು. ಹೋಸ್ಟಿಂಗ್ ಕಂಪೆನಿಗಳು ಗ್ರಾಹಕರ ಖಾತೆಗಳನ್ನು ನೋಡಿಕೊಳ್ಳಲು ಬಳಸುವ ಸಿ-ಪ್ಯಾನೆಲ್ ಎಂಬ ತಂತ್ರಾಂಶದವರು 2019ರಲ್ಲಿ ತಮ್ಮ ಬೆಲೆಯ ಕ್ರಮವನ್ನೇ ಬದಲಿಸಿದರು. ಅದುವರೆಗೆ ಒಂದು ಯಂತ್ರಕ್ಕೆ ಇಷ್ಟು ಎಂದಿದ್ದ ಬೆಲೆ, ಯಂತ್ರದಲ್ಲಿರುವ ಖಾತೆಗಳ ಸಂಖ್ಯೆಯ ಮೇಲೆ ನಿಂತಿತು. ನೂರಾರು ಬಡ ಒಕ್ಕಲುಗಳನ್ನು ಇಟ್ಟುಕೊಂಡ ವಠಾರದವರಿಗೆ ಇದು ನುಂಗಲಾರದ ತುತ್ತಾಯಿತು. ಆಮೇಲೆ 2020ರ ಡಿಸೆಂಬರಿನಲ್ಲಿ, 2029ರವರೆಗೆ ಆಧಾರ ಸಿಗುವುದೆಂದು ನಂಬಿದ್ದ ಸೆಂಟ್‌ಓಎಸ್ 8 ಎಂಬ ಮೂಲ ತಂತ್ರಾಂಶಕ್ಕೆ 2021ರ ಕೊನೆಗೇ ಮುಕ್ತಾಯ ಎಂಬ ಪ್ರಕಟಣೆ ಹೊರಟಿತು. ಹೊಸದನ್ನು ಅಪ್ಪಿಕೊಂಡವರಿಗೇ ಹೀಗಾದರೆ ಏನು ಹೇಳುವುದು! ಮೂರು ಜನರ ಕಂಪೆನಿಗೆ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಇಕ್ಕಳ ಹಿಡಿದು ನಿಲ್ಲುವ ಶಕ್ತಿ ಉಳಿಯಲಿಲ್ಲ. 2021ರ ಆರಂಭದಲ್ಲಿ ಅವರು ತಮ್ಮ ಗ್ರಾಹಕರನ್ನೆಲ್ಲ ಒಂದು ದೊಡ್ಡ ಕಂಪೆನಿಗೆ ವಹಿಸಿಕೊಟ್ಟು ಬೇರೆ ಉದ್ಯೋಗಕ್ಕೆ ಹೋದರು.

ಹೊಸ ಯಜಮಾನರ ಹೆಸರು ಇಲ್ಲಿ ಬೇಡ. ಅವರ ಯಂತ್ರಗಳು ಹೊಸವು, ವೇಗ ಹೆಚ್ಚು, ಜಾಹೀರಾತು ಸೊಗಸು. 2022ರ ಜನವರಿಯ ಒಂದು ಶನಿವಾರ ರಾತ್ರಿ ನಮ್ಮ ಜಾಲತಾಣವನ್ನು ಹೊಸ ಯಂತ್ರಕ್ಕೆ ಸಾಗಿಸಿದರು. ಭಾನುವಾರ ಬೆಳಿಗ್ಗೆ ನೋಡಿದರೆ ಕನ್ನಡವೇ ಮಾಯ. ಹಳೆಯ ಬರಹಗಳ ಜಾಗದಲ್ಲಿ ತಲೆಯ ಮೇಲೆ ಗೆರೆ ಎಳೆದುಕೊಂಡ ಪರದೇಶದ 'ಎ' ಅಕ್ಷರ, ಅದರ ಹಿಂದೆ ಪುಟ್ಟ ಎರಡು, ಪುಟ್ಟ ಮೂರು, ಮತ್ತೆ ಏನೇನೋ ಚಿಹ್ನೆಗಳು ಇರುವೆಯ ಸಾಲಿನಂತೆ ಹರಿದಿದ್ದವು. 2019ರ ಮೇ ತಿಂಗಳ ನಂತರದ ಬರಹಗಳ ಜಾಗದಲ್ಲಿ ಅದೂ ಇಲ್ಲ. ಬರಿಯ ಪ್ರಶ್ನಾರ್ಥಕ ಚಿಹ್ನೆಗಳು.

ಇದರ ಮರ್ಮವನ್ನು ನಮಗೆ ಬಿಡಿಸಿ ಹೇಳಿದವಳು ನಮ್ಮ ಸಮಾಜದ ಒಂದು ಹುಡುಗಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವಳು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಜಾಗ ಬೇಕು. ಲ್ಯಾಟಿನ್ ಪದ್ಧತಿಯಾದರೋ ಒಂದು ಬೈಟನ್ನು ಒಂದು ಅಕ್ಷರವೆಂದೇ ಓದುತ್ತದೆ. ಸಾಗಿಸಿದವರು ಎಲ್ಲವನ್ನೂ ಲ್ಯಾಟಿನ್ ಎಂದು ಭಾವಿಸಿ ಹೊರತೆಗೆದು ಹೊಸ ಪದ್ಧತಿಯ ಉಗ್ರಾಣಕ್ಕೆ ಸುರಿದರು. ಹಳೆಯ ಕೋಷ್ಟಕದ ಒಂದು ಕನ್ನಡ ಚಿಹ್ನೆ ಮೂರು ಪರದೇಶಿ ಚಿಹ್ನೆಗಳಾಗಿ ಒಡೆಯಿತು. ಆದರೆ ಒಡೆದ ಚೂರುಗಳು ಕ್ರಮವಾಗಿಯೇ ಇದ್ದುದರಿಂದ ಹಿಂದಕ್ಕೆ ಜೋಡಿಸಬಹುದಾಗಿತ್ತು. ಹೊಸ ಕೋಷ್ಟಕದ ಕನ್ನಡವನ್ನು ಲ್ಯಾಟಿನ್ ಪದ್ಧತಿಗೆ ಇಳಿಸಹೊರಟಾಗ ಅಲ್ಲಿ ಕನ್ನಡದ ಅಕ್ಷರವೇ ಇಲ್ಲವಾಗಿ ಯಂತ್ರವು ಒಂದೊಂದರ ಬದಲಿಗೂ ಒಂದು ಪ್ರಶ್ನೆಯ ಚಿಹ್ನೆಯನ್ನು ಬರೆದು ಕೈತೊಳೆದುಕೊಂಡಿತು. ಅದನ್ನು ಯಾರೂ ಹಿಂದಕ್ಕೆ ತರಲಾರರು. ತಪ್ಪು ಪದ್ಧತಿಯಲ್ಲಿ ಇಟ್ಟದ್ದು ಬದುಕಿತು, ಸರಿಯಾದ ಪದ್ಧತಿಯಲ್ಲಿ ಇಟ್ಟದ್ದು ಸತ್ತಿತು! ವಿಧಿಯ ವಿನೋದ ಎನ್ನದೆ ಬೇರೇನು ಹೇಳೋಣ.

ಹಳೆಯ ಯಂತ್ರವಿನ್ನೂ ಇದ್ದರೆ ಮತ್ತೆ ಸಾಗಿಸಬಹುದಾಗಿತ್ತು. ನಾವು ಭಾನುವಾರವೇ ದೂರು ಕೊಟ್ಟೆವು. ಫೋನು ಸಂಖ್ಯೆ ಇರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಸಂಭಾಷಣೆಯ ಕಿಂಡಿ ಮಾತ್ರ. ಅಲ್ಲಿ ದಿನಕ್ಕೊಬ್ಬರು ಹೊಸಬರು. ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ. ಬ್ರೌಸರಿನ ಸಂಗ್ರಹವನ್ನು ಅಳಿಸಿ ನೋಡಿ ಎಂದರು ಒಬ್ಬರು. ನಿಮ್ಮ ಗಣಕದಲ್ಲಿ ಕನ್ನಡದ ಫಾಂಟ್ ಇಲ್ಲ ಎಂದರು ಮತ್ತೊಬ್ಬರು. ದತ್ತಾಂಶ ಯಥಾಸ್ಥಿತಿಯಲ್ಲಿ ಬಂದಿದೆ, ದೋಷ ನಿಮ್ಮ ತಾಣದ ರಚನೆಯದು ಎಂದರು ಮೂರನೆಯವರು. ಹತ್ತೊಂಬತ್ತನೆಯ ದಿನ ವಿಷಯ ತಿಳಿದವರೊಬ್ಬರು ಸಿಕ್ಕರು. ಅವರು ಬಹಳ ವಿನಯದಿಂದ, ಹಳೆಯ ಯಂತ್ರವನ್ನು ಹದಿನೈದನೆಯ ದಿನವೇ ಅಳಿಸಲಾಗಿದೆಯೆಂದು ತಿಳಿಸಿದರು.

ಈ ಕಾರಣಕ್ಕೆ ಹೊಸ ತಂತ್ರವೇ ಕೆಟ್ಟದ್ದು, ಹಳೆಯ ಸ್ನೇಹವೇ ಸಾಕು ಎಂದು ನಾವು ಹೇಳುವವರಲ್ಲ. ಹಾಗೆ ಹೇಳಲು ಒಂದು ದೊಡ್ಡ ಉದಾಹರಣೆ ಅಡ್ಡ ಬರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ 1998ರಲ್ಲಿ ಆರಂಭವಾದ ರ್‍ಯಾಕ್‌ಸ್ಪೇಸ್ ಎಂಬ ಹೋಸ್ಟಿಂಗ್ ಕಂಪೆನಿ ಗ್ರಾಹಕಸೇವೆಯನ್ನೇ ತನ್ನ ಧ್ವಜವಾಗಿ ಹಾರಿಸಿತು. 'ಫನಾಟಿಕಲ್ ಸಪೋರ್ಟ್' ಎಂದರೆ ಹುಚ್ಚು ಹಿಡಿದವರಂತೆ ಗ್ರಾಹಕನ ಬೆನ್ನಿಗೆ ನಿಲ್ಲುವುದು ಎಂಬುದೇ ಅದರ ಘೋಷಣೆ. ಅತ್ಯುತ್ತಮ ಸೇವೆ ಮಾಡಿದ ನೌಕರನಿಗೆ ಹುಚ್ಚಾಸ್ಪತ್ರೆಯಲ್ಲಿ ತೋಳು ಬಿಗಿಯಲು ತೊಡಿಸುವಂತಹ ಅಂಗಿಯನ್ನು ಬಹುಮಾನವಾಗಿ ಕೊಡುತ್ತಿದ್ದರು. ಈ ವಿನೋದ ನಮ್ಮ ಅಭಿರುಚಿಗೆ ಒಗ್ಗದಿದ್ದರೂ ಅದರ ಹಿಂದಿನ ನಿಷ್ಠೆ ಮೆಚ್ಚತಕ್ಕದ್ದು. ಬೇರೆಯವರು ಬರಿಯ ಯಂತ್ರ ಬಾಡಿಗೆಗೆ ಕೊಡುತ್ತಿದ್ದಾಗ ಇವರು ಮನುಷ್ಯರನ್ನು ಜೊತೆಗೆ ಕೊಟ್ಟರು. 2008ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಬಂದರು.

ಅಷ್ಟರಲ್ಲಿ ಪುಸ್ತಕ ಮಾರುತ್ತಿದ್ದ ಅಮೆಜಾನ್ ಕಂಪೆನಿ 2006ರ ಮಾರ್ಚಿನಲ್ಲಿ ಸಂಗ್ರಹದ ಜಾಗವನ್ನೂ ಆಗಸ್ಟಿನಲ್ಲಿ ಗಂಟೆಯ ಲೆಕ್ಕದಲ್ಲಿ ಗಣನೆಯ ಯಂತ್ರವನ್ನೂ ಬಾಡಿಗೆಗೆ ಇಟ್ಟಿತು. ಮಾತನಾಡುವ ಮನುಷ್ಯ ಅಲ್ಲಿ ಬೇಕೇ ಆಗಿರಲಿಲ್ಲ. ಕಾರ್ಡು ಕೊಟ್ಟು ಗುಂಡಿ ಒತ್ತಿದರೆ ಯಂತ್ರ ಸಿದ್ಧ. ರ್‍ಯಾಕ್‌ಸ್ಪೇಸ್ ಸುಮ್ಮನೆ ಕುಳಿತಿರಲಿಲ್ಲ. 2010ರಲ್ಲಿ ಬಾಹ್ಯಾಕಾಶ ಸಂಸ್ಥೆ ನಾಸಾದೊಡನೆ ಸೇರಿ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತು. ಆದರೂ ಪ್ರವಾಹ ಅತ್ತ ಕಡೆಗೇ ಹರಿಯಿತು. 2015ರಲ್ಲಿ ಅದು ತನ್ನ ಪ್ರತಿಸ್ಪರ್ಧಿಯಾದ ಅಮೆಜಾನಿನ ಯಂತ್ರಗಳನ್ನು ಬಳಸುವ ಗ್ರಾಹಕರಿಗೂ ಸೇವೆ ಒದಗಿಸಲು ಮುಂದಾಯಿತು. ತನ್ನ ಒಲೆಯ ಹಟ ಬಿಟ್ಟು, ಬಡಿಸುವ ಕಾಯಕವನ್ನು ಉಳಿಸಿಕೊಂಡಿತು ಎನ್ನೋಣ. ಇದರಲ್ಲಿ ಅವಮಾನವೇನೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಮರುವರ್ಷ ಅದನ್ನು ಅಪೋಲೋ ಎಂಬ ಬಂಡವಾಳ ಸಂಸ್ಥೆ 430 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಇಂತಹ ಸೇವಾನಿಷ್ಠರಿಗೆ 2022ರ ಡಿಸೆಂಬರ್ 2ರಂದು ಬಿದ್ದ ಪೆಟ್ಟು ಬಹಳ ಬೋಧಪ್ರದವಾದುದು. ಅವರು ನೋಡಿಕೊಳ್ಳುತ್ತಿದ್ದ ಎಕ್ಸ್‌ಚೇಂಜ್ ಎಂಬ ಅಂಚೆಯ ತಂತ್ರಾಂಶದಲ್ಲಿ ಒಂದು ಬಿರುಕಿತ್ತು. ಅದನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ನವೆಂಬರ್ 8ರಂದೇ ಬಿಡುಗಡೆ ಮಾಡಿತ್ತು. ತೇಪೆ ಹಾಕಿದರೆ ಸೇವೆಯಲ್ಲಿ ತೊಡಕಾಗುವುದೆಂಬ ವರದಿಗಳಿದ್ದುದರಿಂದ ರ್‍ಯಾಕ್‌ಸ್ಪೇಸ್ ಅದನ್ನು ತಡೆಹಿಡಿದು, ಮೊದಲೇ ಸೂಚಿಸಿದ್ದ ತಾತ್ಕಾಲಿಕ ಅಡ್ಡಗಟ್ಟೆಯನ್ನು ನಂಬಿಕೊಂಡಿತ್ತು. ಅಡ್ಡಗಟ್ಟೆಯನ್ನು ಸುತ್ತಿ ಬರುವ ದಾರಿಯನ್ನು ದರೋಡೆಕೋರರು ಕಂಡುಕೊಂಡಿದ್ದರು. ಸುಮಾರು 30,000 ಗ್ರಾಹಕರ ಅಂಚೆ ಒಮ್ಮೆಲೇ ನಿಂತುಹೋಯಿತು. ಅವರಲ್ಲಿ 27 ಗ್ರಾಹಕರ ಅಂಚೆಯ ಕಡತಗಳನ್ನು ಕಳ್ಳರು ತೆರೆದಿದ್ದರೆಂದು ಕಂಪೆನಿಯೇ ಆಮೇಲೆ ತಿಳಿಸಿತು. ಒಂದು ಕಾಲಕ್ಕೆ ಫೋನೆತ್ತುವುದಕ್ಕೇ ಹೆಸರಾಗಿದ್ದವರ ಬಾಗಿಲಲ್ಲಿ ಗ್ರಾಹಕರು ಫೋನು ಹಿಡಿದು ಗಂಟೆಗಟ್ಟಲೆ ಕಾದರು. ಕೊನೆಗೆ ಆ ಅಂಚೆಯ ವ್ಯವಸ್ಥೆಯನ್ನು ಮತ್ತೆ ಕಟ್ಟುವುದಿಲ್ಲವೆಂದು ಸಾರಿ, ಗ್ರಾಹಕರನ್ನು ಮೈಕ್ರೋಸಾಫ್ಟಿನ ಸೇವೆಗೇ ಕಳುಹಿಸಿದರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತೇಪೆಯನ್ನು ತಡೆದದ್ದು ಸೋಮಾರಿತನದಿಂದಲ್ಲ. ಗ್ರಾಹಕನಿಗೆ ತೊಂದರೆಯಾಗದಿರಲಿ ಎಂಬ ಕಾಳಜಿಯಿಂದ. "ನಮ್ಮ ಸೈಟ್ ಮುಟ್ಟಬೇಡಿ" ಎಂಬ ನಮ್ಮವರ ಮಾತನ್ನೇ ಅವರೂ ಕೇಳಿರಬೇಕು. ಸೇವೆ ಬೇರೆ, ಹೊಸ ತಂತ್ರ ಬೇರೆ, ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಕಡಿಮೆಯಾಗುತ್ತದೆ ಎಂದು ಈ ವ್ಯಾಪಾರದವರು ತಕ್ಕಡಿಯ ಎರಡು ತಟ್ಟೆಗಳಂತೆ ಮಾತನಾಡುವುದನ್ನು ನಾವು ಕೇಳಿದ್ದೇವೆ. ಹಣದ ಮಟ್ಟಿಗೆ ಅದು ನಿಜವೇ ಇರಬಹುದು. ಇಬ್ಬರು ಇಂಜಿನಿಯರುಗಳ ಸಂಬಳದಲ್ಲಿ ನಾಲ್ವರು ಫೋನೆತ್ತುವವರನ್ನು ಇಡಬಹುದು. ಆದರೆ ನಮ್ಮ ಶರಣರು ಕಾಯಕವನ್ನೂ ದಾಸೋಹವನ್ನೂ ಹೀಗೆ ಎರಡು ತಟ್ಟೆಗಳಲ್ಲಿ ಇಟ್ಟು ತೂಗಲಿಲ್ಲ. ಕಾಯಕ ಶುದ್ಧವಾಗಿಲ್ಲದಿದ್ದರೆ ದಾಸೋಹಕ್ಕೆ ತರುವುದಾದರೂ ಏನನ್ನು? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. 'ಅನಿಯಮಿತ ಜಾಗ, ಅನಿಯಮಿತ ವೇಗ, ತಿಂಗಳಿಗೆ ಇಷ್ಟೇ ರೂಪಾಯಿ' ಎಂಬ ಜಾಹೀರಾತನ್ನು ಕಂಡಾಗಲೆಲ್ಲ ನಮಗೆ ಆ ತಾಯಿ ನೆನಪಾಗುತ್ತಾರೆ. ಅನಿಯಮಿತವಾದ ಯಂತ್ರ ಜಗತ್ತಿನಲ್ಲಿಲ್ಲ. ಯಾರೂ ಪೂರ್ತಿ ಬಳಸುವುದಿಲ್ಲವೆಂಬ ನಂಬಿಕೆಯ ಮೇಲೆ ಒಂದೇ ಕೋಣೆಯನ್ನು ಮೂವರಿಗೆ ಬಾಡಿಗೆಗೆ ಕೊಟ್ಟಂತೆ ಅದು.

ಹೊಸದನ್ನು ತರುವುದರಲ್ಲಿಯೂ ಎರಡು ಬಗೆಯುಂಟು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ ಬಂದು, ಜಾಲತಾಣಕ್ಕೆ ಬೀಗಮುದ್ರೆ ಒತ್ತುವ ಪ್ರಮಾಣಪತ್ರವನ್ನು ಉಚಿತವಾಗಿ ಕೊಡತೊಡಗಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರು ಅಂತಹ ಮುದ್ರೆಯಿಲ್ಲದ ತಾಣಗಳನ್ನು 'ಸುರಕ್ಷಿತವಲ್ಲ' ಎಂದು ಗುರುತಿಸಿತು. ನಮ್ಮ ಬೆಂಗಳೂರಿನ ಮಿತ್ರರು ನಾವು ಕೇಳುವ ಮೊದಲೇ ಉಚಿತ ಪತ್ರವನ್ನು ಹಾಕಿಕೊಟ್ಟರು. ಅದೇ ಪತ್ರಕ್ಕೆ ವರ್ಷಕ್ಕೆ ಸಾವಿರಾರು ರೂಪಾಯಿ ಕೇಳುವವರೂ ಇದ್ದರು.

ಈಗ ನಮ್ಮ ಜಾಲತಾಣ ಮೂರನೆಯ ಮನೆಯಲ್ಲಿದೆ. ಅಲ್ಲಿಗೆ ಸೇರುವ ಮೊದಲು ನಾವು ಬೆಲೆಯನ್ನು ಕೊನೆಗೆ ಕೇಳಿದೆವು. ಸಾಗಿಸಿದ ಮೇಲೆ ಹಳೆಯ ಪ್ರತಿಯನ್ನು ಎಷ್ಟು ದಿನ ಇಡುತ್ತೀರಿ, ಅಳಿಸುವ ಮುನ್ನ ನಮಗೆ ಬರಹದಲ್ಲಿ ತಿಳಿಸುವಿರಾ, ಹೊಸ ಆವೃತ್ತಿಗೆ ದಾಟುವ ಮೊದಲು ಪರೀಕ್ಷೆಗೆಂದು ಬೇರೆ ಪ್ರತಿಯೊಂದನ್ನು ಕೊಡುವಿರಾ, ರಕ್ಷಣೆಯ ತೇಪೆ ಬಂದರೆ ನಮ್ಮನ್ನು ಕೇಳದೆಯೇ ಎಷ್ಟು ದಿನದೊಳಗೆ ಹಾಕುವಿರಿ ಎಂದು ಕೇಳಿದೆವು. ಕೊನೆಯ ಪ್ರಶ್ನೆಗೆ ಆ ಕಡೆಯ ತರುಣನು ಒಂದು ಕ್ಷಣ ಸುಮ್ಮನಾಗಿ, "ಗ್ರಾಹಕರು ಇದನ್ನ ಕೇಳೋದೇ ಇಲ್ಲ ಸಾರ್" ಎಂದನು. ಮನೆಯಲ್ಲಿ, ಅಂಗಡಿಯಲ್ಲಿ, ಮಠದಲ್ಲಿ ಜಾಲತಾಣ ಇಟ್ಟುಕೊಂಡ ಬಂಧುಗಳು ಈ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿ ಎಂದು ವಿನಂತಿ.

ಒಡೆದ ಅಕ್ಷರಗಳನ್ನು ಆ ಹುಡುಗಿ ಎರಡು ರಾತ್ರಿ ಕುಳಿತು ಜೋಡಿಸಿದಳು. 2019ರ ಜಯಂತಿಯ ಪೆನ್‌ಡ್ರೈವಿನೊಡನೆ ಹೋಲಿಸಿ ನೋಡಿದಾಗ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. 2020ರ ಜಯಂತಿ ಬಂದದ್ದು ಏಪ್ರಿಲ್ 26ರಂದು, ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ. ಆ ವರ್ಷದ ಪೆನ್‌ಡ್ರೈವು ಬರಲಿಲ್ಲ. ಹೀಗಾಗಿ ಶಿಕ್ಷಕರ ಕೊನೆಯ ಒಂದೂವರೆ ವರ್ಷದ ಬರಹಗಳು, ಒಟ್ಟು 74, ಪ್ರಶ್ನೆಯ ಚಿಹ್ನೆಗಳಾಗಿಯೇ ಉಳಿದವು. ವಿಷಯ ತಿಳಿದು ಅವರ ಧರ್ಮಪತ್ನಿಯವರು ಒಂದು ದಿನ ನಮ್ಮನ್ನು ಮನೆಗೆ ಕರೆಸಿದರು. "ಕಂಪ್ಯೂಟರಿಗೆ ಹಾಕೋಕೆ ಮುಂಚೆ ಇದ್ರಾಗೆ ಬರಕಂತಿದ್ರು, ನೋಡಪ್ಪ" ಎಂದು ದೇವರ ಜಗಲಿಯ ಕೆಳಗಿನಿಂದ ಎರಡು ನೋಟುಬುಕ್ಕುಗಳನ್ನು ತೆಗೆದುಕೊಟ್ಟರು. ಕೆಲವು ಪುಟಗಳಲ್ಲಿ ಪೂರ್ತಿ ತಾತ್ಪರ್ಯವಿದೆ. ಕೆಲವದರಲ್ಲಿ ಎರಡು ಸಾಲಿನ ಟಿಪ್ಪಣಿ ಮಾತ್ರ. ಪೂರ್ತಿ ಇರುವ 63ನ್ನು ಮತ್ತೆ ಅಚ್ಚು ಮಾಡಿಯಾಗಿದೆ. ಉಳಿದ ಹನ್ನೊಂದಕ್ಕೆ ಟಿಪ್ಪಣಿಯನ್ನಷ್ಟೇ ಹಾಕುವುದೋ, ಅವರ ಮಾತಿನ ಧಾಟಿಯಲ್ಲಿ ಬೇರೆಯವರಿಂದ ಬರೆಯಿಸುವುದೋ ಎಂಬ ಚರ್ಚೆ ಸಮಾಜದಲ್ಲಿ ಇನ್ನೂ ನಡೆದಿದೆ. ಟಿಪ್ಪಣಿಯಷ್ಟೇ ಇರಲಿ ಎಂಬುದು ಆ ತಾಯಿಯವರ ಮಾತು, ನಮ್ಮದೂ ಅದೇ.